ಏರು ದಾರಿಗೆ ಮನೆಯಲ್ಲೇ ವಿದ್ಯುತ್ ಸೈಕಲ್: ಮೋಟಾರು ಯಾವುದು, ಬ್ಯಾಟರಿ ಯಾವುದು?

ಮಲೆನಾಡಿನ ಅಡಿಕೆ ಬೆಳೆಗಾರನ ಮನೆ ಸಾಮಾನ್ಯವಾಗಿ ಕಣಿವೆಯ ತಳದಲ್ಲಿ, ತೋಟದ ಅಂಚಿನಲ್ಲಿರುತ್ತದೆ. ಬಸ್ಸು ನಿಲ್ಲುವ ರಸ್ತೆ ಗುಡ್ಡದ ನೆತ್ತಿಯ ಮೇಲಿರುತ್ತದೆ. ಕಾಫಿಯವರಲ್ಲಿ ಎಷ್ಟೋ ಮಂದಿಗೆ ಇದು ತಿರುವುಮುರುವು; ಮನೆ ಮೇಲೆ, ಕೆಲಸ ಕೆಳಗೆ. ಹೇಗಿದ್ದರೂ ದಿನಕ್ಕೆ ಒಂದೆರಡು ಸಲ ಏರು ಹತ್ತುವುದು ಯಾರಿಗೂ ತಪ್ಪಿದ್ದಲ್ಲ. ಡೈರಿಗೆ ಹಾಲು ಹೋಗಬೇಕು, ಪೇಟೆಯಿಂದ ಔಷಧಿ ಬರಬೇಕು, ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಬರಬೇಕು. ಮಕ್ಕಳು ಬೆಂಗಳೂರು ಸೇರಿದ ಮನೆಗಳಲ್ಲಿ ಈ ಏರನ್ನು ಹತ್ತುವವರು ಅರವತ್ತು ದಾಟಿದ ಯಜಮಾನರೇ ಆಗಿದ್ದಾರೆ.

ಈ ಕಾರಣದಿಂದಲೇ ಇರಬೇಕು, ಹಳೆಯ ಸೈಕಲ್ಲಿಗೆ ಮೋಟಾರು ಕಟ್ಟುವ ವಿಚಾರವನ್ನು ಸದಸ್ಯರ ಮನೆಯ ಹುಡುಗರು ಮೇಲಿಂದ ಮೇಲೆ ನಮ್ಮ ಮುಂದೆ ತರುತ್ತಿದ್ದಾರೆ. ಕೆಲವರು ಆಗಲೇ ಕಟ್ಟಿಯೂ ಆಗಿದೆ. ಮೋಟಾರು, ಬ್ಯಾಟರಿಗಳನ್ನು ಸಂಘದ ಮೂಲಕ ತರಿಸಬೇಕೆಂಬ ಬೇಡಿಕೆಯೂ ಆಡಳಿತ ಮಂಡಳಿಯ ಮುಂದೆ ಬಂದಿತು. ತರಿಸುವ ಮೊದಲು ನೋಡಿ ತಿಳಿಯುವುದು ಒಳ್ಳೆಯದೆಂದು, ಕೊಯ್ಲು ಮುಗಿದ ಮೇಲೆ ಮಳೆ ಹಿಡಿಯುವವರೆಗೆ ಸಂಘದ ಗೋದಾಮಿನ ಹಿಂದಿನ ಶೆಡ್ಡಿನಲ್ಲಿ ನಾವು ನಾಲ್ಕಾರು ಮಂದಿ ಸೇರಿ ಕೆಲಸ ಮಾಡಿದೆವು. ಪಂಪಿನ ಮೋಟಾರು ಸುತ್ತುವ ವೈಂಡಿಂಗ್ ಅಂಗಡಿಯವರೂ, ಲೇತಿನವರೂ ಕೈಜೋಡಿಸಿದರು. ಅಲ್ಲಿ ಕಂಡದ್ದನ್ನು ಇಲ್ಲಿ ಬರೆದಿದ್ದೇವೆ. ಸಾರಾಂಶವನ್ನು ಮೊದಲೇ ಹೇಳಿಬಿಡುತ್ತೇವೆ: ಮೋಟಾರಿನಲ್ಲಿ ಉಳಿತಾಯ ಮಾಡಬಹುದು, ಬ್ಯಾಟರಿಯಲ್ಲಿ ಮಾಡಕೂಡದು.

ಮೊದಲು ಏರಿನ ಲೆಕ್ಕ

ಸವಾರ 65 ಕಿಲೋ, ಮೋಟಾರು ಬ್ಯಾಟರಿ ಸಹಿತ ಸೈಕಲ್ಲು 27 ಕಿಲೋ, ಕ್ಯಾರಿಯರ್ ಮೇಲಿನ ಹೇರು 18 ಕಿಲೋ. ಒಟ್ಟು 110 ಕಿಲೋ ಎಂದಿಟ್ಟುಕೊಳ್ಳೋಣ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗಲು ಸುಮಾರು 120 ವಾಟ್ ಸಾಕು. ಹತ್ತಡಿಗೆ ಒಂದಡಿ ಏರುವ ಜಾಗದಲ್ಲಿ ಅದೇ ಸೈಕಲ್ಲು ಗಂಟೆಗೆ ಹತ್ತೇ ಕಿಲೋಮೀಟರ್ ಹೋಗಬೇಕಾದರೂ 350 ವಾಟ್ ಬೇಕು. ಅಂದರೆ ವೇಗ ಅರ್ಧವಾದರೂ ಶಕ್ತಿ ಮೂರು ಪಟ್ಟು. ಮನುಷ್ಯ ಬಹಳ ಹೊತ್ತು ದಣಿಯದೆ ಪೆಡಲಿನ ಮೇಲೆ ಕೊಡಬಲ್ಲದ್ದು 75ರಿಂದ 100 ವಾಟ್. ಉಳಿದದ್ದನ್ನು ಮೋಟಾರು ಕೊಡಬೇಕು.

250 ವಾಟ್ ಎಂದರೆ ಒಂದು ಅಶ್ವಶಕ್ತಿಯ ಮೂರನೆಯ ಒಂದು ಪಾಲು. ತೋಟದ 3 ಅಶ್ವಶಕ್ತಿಯ ಪಂಪಿಗೆ ಹೋಲಿಸಿದರೆ ಒಂಬತ್ತನೆಯ ಒಂದು ಪಾಲು. ಇಷ್ಟು ಸಣ್ಣ ಯಂತ್ರದಿಂದ ಗುಡ್ಡ ಹತ್ತಿಸಬೇಕಾದರೆ ವೇಗದ ಆಸೆ ಬಿಡಬೇಕು. ಪೇಟೆಯ ಸಪಾಟು ರಸ್ತೆಗೆಂದು ಮಾಡಿದ ಜೋಡಣೆಯನ್ನು ನಮ್ಮ ದಾರಿಗೆ ತಂದರೆ ಮೋಟಾರು ಸುಡುವುದು ನಿಶ್ಚಯ.

ಗುಜರಿ ಆಲ್ಟರ್ನೇಟರಿನ ಮೋಟಾರು

ಕೈಯಲ್ಲೇ ಮೋಟಾರು ಮಾಡಬೇಕೆನ್ನುವವರ ಕಣ್ಣು ಮೊದಲು ಬೀಳುವುದು ಕಾರು, ಜೀಪುಗಳ ಆಲ್ಟರ್ನೇಟರಿನ ಮೇಲೆ. ಗುಜರಿ ಅಂಗಡಿಯಲ್ಲಿ ತೂಕದ ಬೆಲೆಗೆ ಸಿಗುತ್ತದೆ. ತಿರುಗಿಸಿದರೆ ವಿದ್ಯುತ್ ಕೊಡುವ ಯಂತ್ರ, ವಿದ್ಯುತ್ ಕೊಟ್ಟರೆ ತಿರುಗಲೂ ಬೇಕಷ್ಟೆ. ಒಳಗಿರುವ ಡಯೋಡುಗಳನ್ನು ತೆಗೆದು, ಸ್ಟೇಟರಿನ ಮೂರು ತಂತಿಗಳನ್ನು ಹೊರಕ್ಕೆ ತಂದು, ಬ್ರಷ್ ಇಲ್ಲದ ಮೋಟಾರುಗಳಿಗೆ ಬಳಸುವ ಮೂರು ಫೇಸಿನ ಕಂಟ್ರೋಲರಿಗೆ ಕೊಡಬೇಕು. ರೆಗ್ಯುಲೇಟರನ್ನು ಬಿಟ್ಟು ಮಧ್ಯದ ಫೀಲ್ಡ್ ಕಾಯಿಲಿಗೆ ಬ್ರಷ್‌ಗಳ ಮೂಲಕ ನೇರ 12 ವೋಲ್ಟ್ ಕೊಡಬೇಕು. ನಾವು ಕೊಟ್ಟೆವು, ತಿರುಗಿತು. ಫೀಲ್ಡಿನ ಪ್ರವಾಹ ಕಡಿಮೆ ಮಾಡಿದರೆ ವೇಗ ಹೆಚ್ಚಿ ಎಳೆತ ತಗ್ಗುತ್ತದೆ, ಹೆಚ್ಚಿಸಿದರೆ ವೇಗ ತಗ್ಗಿ ಎಳೆತ ಹೆಚ್ಚುತ್ತದೆ. ಕಾಲೇಜಿನಲ್ಲಿ ಓದುವ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ.

ಆದರೆ ಸೈಕಲ್ಲಿಗೆ ಇದು ಹೊಂದುವುದಿಲ್ಲ. ಮೊದಲನೆಯದಾಗಿ, ಫೀಲ್ಡ್ ಕಾಯಿಲೊಂದೇ ಮೂರು ನಾಲ್ಕು ಆಂಪಿಯರ್ ನುಂಗುತ್ತದೆ. ಎಂದರೆ ಸುಮಾರು 40 ವಾಟ್, ಸೈಕಲ್ಲು ಓಡಲಿ ಬಿಡಲಿ, ಬರಿದೇ ಬಿಸಿಯಾಗಿ ಹೋಗುತ್ತದೆ. ಸಮತಟ್ಟಿನಲ್ಲಿ ಬೇಕಾದ 120 ವಾಟಿನ ಪಕ್ಕದಲ್ಲಿ ಇದು ಮೂರನೆಯ ಒಂದು ಪಾಲು. ಎರಡನೆಯದಾಗಿ, ನಮ್ಮ ಆಲ್ಟರ್ನೇಟರು 24 ವೋಲ್ಟಿನಲ್ಲಿ ನಿಮಿಷಕ್ಕೆ ಸುಮಾರು 1,800 ಸುತ್ತು ತಿರುಗಿತು. 26 ಅಂಗುಲದ ಚಕ್ರ ಗಂಟೆಗೆ 10 ಕಿಲೋಮೀಟರ್ ಓಡಲು ನಿಮಿಷಕ್ಕೆ 80 ಸುತ್ತು ಸಾಕು. 22ಕ್ಕೆ 1ರಂತೆ ವೇಗ ಇಳಿಸಬೇಕಾದರೆ ಎರಡು ಹಂತದ ಚೈನು ಬೇಕು, ನಡುವೆ ಒಂದು ಶಾಫ್ಟು ಬೇಕು, ಬೇರಿಂಗು ಬೇಕು. ಮೂರನೆಯದಾಗಿ, ಕಾಂತದ ಸ್ಥಾನ ತಿಳಿಸುವ ಸೆನ್ಸರ್ ಇಲ್ಲದ ಕಾರಣ ನಿಂತಲ್ಲಿಂದ ಹೊರಡುವಾಗ ಅದು ತಡವರಿಸುತ್ತದೆ. ಏರಿನ ಮಧ್ಯೆ ನಿಂತರೆ ಇಳಿದು ತಳ್ಳುವುದೇ ಗತಿ. ತೂಕವೂ ಐದಾರು ಕಿಲೋ. ಆದುದರಿಂದ ಇದನ್ನು ಕಲಿಯಲು ಮಾಡಿ, ಹಾಲು ಸಾಗಿಸಲು ಬೇಡ ಎಂಬುದು ನಮ್ಮ ಅಭಿಪ್ರಾಯ.

ಗೇರ್ ಮೋಟಾರು ಮತ್ತು ಹಲ್ಲಿನ ಲೆಕ್ಕ

ಕೆಲಸಕ್ಕೆ ಬಂದದ್ದು 24 ವೋಲ್ಟ್, 250 ವಾಟಿನ ಬ್ರಷ್ ಇರುವ ಗೇರ್ ಮೋಟಾರು. ಒಳಗೇ ಗೇರು ಇರುವುದರಿಂದ ಹೊರಗಿನ ಶಾಫ್ಟು ನಿಮಿಷಕ್ಕೆ ಸುಮಾರು 330 ಸುತ್ತು ಮಾತ್ರ ತಿರುಗುತ್ತದೆ. ಪೂರ್ಣ ಭಾರದಲ್ಲಿ 13ರಿಂದ 14 ಆಂಪಿಯರ್ ಎಳೆಯುತ್ತದೆ. ಶಾಫ್ಟಿನ ತುದಿಯಲ್ಲಿ ಸೈಕಲ್ ಚೈನಿಗೆ ಹೊಂದುವ 9 ಹಲ್ಲಿನ ಚಕ್ರ ಇರುತ್ತದೆ. ಬ್ರಷ್ ಸವೆದರೆ ಬದಲಿಸುವುದು ನಮ್ಮ ವೈಂಡಿಂಗ್ ಅಂಗಡಿಯವರಿಗೆ ಎಡಗೈ ಕೆಲಸ.

ಇಲ್ಲಿ ಎಲ್ಲರೂ ಗಮನಿಸತಕ್ಕ ಅಂಶವೊಂದಿದೆ. ಈ ಮೋಟಾರಿನೊಡನೆ ಪೇಟೆಯಲ್ಲಿ ಕೊಡುವ ಫ್ರೀವ್ಹೀಲಿಗೆ 18 ಹಲ್ಲು ಇದ್ದರೆ ಚಕ್ರಕ್ಕೆ 165 ಸುತ್ತು ಬರುತ್ತದೆ, ಅಂದರೆ ಗಂಟೆಗೆ 20 ಕಿಲೋಮೀಟರ್. ಕೇಳಲು ಚೆನ್ನ. ಆದರೆ ಈ ಜೋಡಣೆಯಲ್ಲಿ ಮೋಟಾರು ತನ್ನ ಮಿತಿಯೊಳಗೆ ಕೊಡುವ ಎಳೆತ, ಹತ್ತಕ್ಕೊಂದರ ಏರಿಗೆ ಬೇಕಾದುದರ ಮೂರನೆಯ ಒಂದು ಪಾಲು ಮಾತ್ರ. ಆಗ ಅದು ನಿಧಾನವಾಗಿ ತಿರುಗುತ್ತ ದುಪ್ಪಟ್ಟು ಪ್ರವಾಹ ಎಳೆಯುತ್ತದೆ. ಬ್ಯಾಟರಿಯಿಂದ ಬಂದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಬಿಸಿಯಾಗಿ ಹೋಗುತ್ತದೆ. ಕೈಯಿಟ್ಟರೆ ಸುಡುವ ಮೋಟಾರಿನ ಕಥೆ ಇದೇ.

ಲೇತಿನವರಿಂದ ತಟ್ಟೆಯೊಂದನ್ನು ಮಾಡಿಸಿ, ಫ್ರೀವ್ಹೀಲಿಗೆ 36 ಹಲ್ಲಿನ ಚಕ್ರ ಬಿಗಿಸಿದರೆ ಲೆಕ್ಕ ಬದಲಾಗುತ್ತದೆ. ಈಗ ಚಕ್ರಕ್ಕೆ 82 ಸುತ್ತು, ಗಂಟೆಗೆ 10 ಕಿಲೋಮೀಟರ್, ನಡಿಗೆಯ ಎರಡರಷ್ಟು. ಎಳೆತ ಮೊದಲಿನದಕ್ಕಿಂತ ಎರಡು ಪಟ್ಟು. ಜೊತೆಗೆ ಹಗುರವಾಗಿ ಪೆಡಲ್ ತುಳಿದರೆ ಹತ್ತಕ್ಕೊಂದರ ಏರನ್ನು ಮೋಟಾರು ಹೆಚ್ಚು ಕಾಯದೆ ಹತ್ತುತ್ತದೆ. ಬರುವಾಗ ಹೇಗೂ ಇಳಿಜಾರು. ಫ್ರೀವ್ಹೀಲ್ ಇರುವುದರಿಂದ ಮೋಟಾರು ಸುಮ್ಮನಿದ್ದು ಸೈಕಲ್ಲು ತಾನೇ ಇಳಿಯುತ್ತದೆ. ಮಲೆನಾಡಿಗೆ 36 ಹಲ್ಲೇ ಸರಿ.

ಚಕ್ರದ ಗುಂಬದೊಳಗೇ ಕೂರುವ ಹಬ್ ಮೋಟಾರು ನೋಡಲು ಚೊಕ್ಕಟ, ಸದ್ದಿಲ್ಲ, ಬ್ರಷ್ಷೂ ಇಲ್ಲ. ಕೊಳ್ಳುವುದಾದರೆ ಒಳಗೆ ಗೇರು ಇರುವ ಜಾತಿಯನ್ನೇ ಕೊಳ್ಳಬೇಕು. ಗೇರಿಲ್ಲದ್ದು ನಿಧಾನದ ಏರಿನಲ್ಲಿ ಬೇಗ ಕಾಯುತ್ತದೆ. ಅದರ ಆಯಸ್ಕಾಂತಗಳು ನಿಯೋಡಿಮಿಯಂನವು. ಸಾಮಾನ್ಯ ದರ್ಜೆಯವು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಲ ಕಳೆದುಕೊಳ್ಳುತ್ತವೆ, ತಣಿದ ಮೇಲೆ ಪೂರ್ತಿ ಮರಳುವುದೂ ಇಲ್ಲ.

ಬ್ರೇಕಿನ ಮಾತನ್ನು ಇಲ್ಲೇ ಸೇರಿಸುತ್ತೇವೆ. ಹಳೆಯ ಸರಳಿನ ಬ್ರೇಕಿನ ಸೈಕಲ್ಲನ್ನು 110 ಕಿಲೋ ಹೇರಿ ಮಳೆಯಲ್ಲಿ ಗುಡ್ಡ ಇಳಿಸುವುದು ಸಾಹಸವೇ ಸರಿ. ಎರಡೂ ಚಕ್ರಗಳಿಗೆ ಡ್ರಮ್ ಅಥವಾ ಡಿಸ್ಕ್ ಬ್ರೇಕು ಹಾಕಿಸಿ, ಬ್ರೇಕು ಹಿಡಿದೊಡನೆ ಮೋಟಾರಿನ ಪ್ರವಾಹ ಕಡಿಯುವ ಸ್ವಿಚ್ಚನ್ನೂ ಜೋಡಿಸಿದ ನಂತರವೇ ಮುಂದಿನ ಕೆಲಸ.

ಬ್ಯಾಟರಿ: ಮೂರು ಜಾತಿ

ನಮಗೆ ಬಿದ್ದ ಖರ್ಚಿನಲ್ಲಿ ಮೋಟಾರಿಗೆ ಒಂದು ಪಾಲಾದರೆ ಬ್ಯಾಟರಿಗೆ ಮೂರು ಪಾಲಾಯಿತು. ಆದುದರಿಂದ ಇದನ್ನು ವಿವರವಾಗಿ ನೋಡುವುದು ಅವಶ್ಯ.

ಎಷ್ಟು ಬೇಕು? ಮನೆಯಿಂದ ರಸ್ತೆಗೆ 3 ಕಿಲೋಮೀಟರ್, ಒಟ್ಟು ಏರು 120 ಮೀಟರ್ ಎಂದುಕೊಳ್ಳೋಣ. 110 ಕಿಲೋ ಭಾರವನ್ನು ಅಷ್ಟು ಎತ್ತರಕ್ಕೆ ಎತ್ತಲು 36 ವಾಟ್-ಗಂಟೆ, ಮಣ್ಣು ರಸ್ತೆಯ ಉರುಳುವಿಕೆಗೆ ಸುಮಾರು 17. ಮೋಟಾರು ಮತ್ತು ಚೈನಿನಲ್ಲಿ ಸೋರುವುದನ್ನು ಸೇರಿಸಿದರೆ ಒಂದು ಸಲ ಹತ್ತಲು 75 ವಾಟ್-ಗಂಟೆ ಹಿಡಿಯಬೇಕು. ದಿನಕ್ಕೆ ಎರಡು ಸಲವಾದರೆ 150. ಇಳಿಯುವುದಕ್ಕೆ ಖರ್ಚಿಲ್ಲ. ಪ್ರತಿಯೊಬ್ಬರೂ ತಮ್ಮ ದಾರಿಗೆ ಈ ಲೆಕ್ಕ ಮಾಡಿಕೊಂಡು ಅನಂತರ ಅಂಗಡಿಗೆ ಹೋಗುವುದು ಒಳ್ಳೆಯದು.

ಮೊದಲನೆಯ ಜಾತಿ ಸೀಸ-ಆಮ್ಲದ್ದು. 1859ರಲ್ಲಿ ಫ್ರಾನ್ಸಿನ ಗಸ್ತೋನ್ ಪ್ಲಾಂಟೆ ಕಂಡುಹಿಡಿದದ್ದು ಇಂದೂ ನಮ್ಮ ಮನೆಗಳ ಇನ್ವರ್ಟರಿನ ಕೆಳಗೆ ಕುಳಿತಿದೆ. 12 ವೋಲ್ಟ್, 18 ಆಂಪಿಯರ್-ಗಂಟೆಯ ಮುಚ್ಚಿದ ಬ್ಯಾಟರಿಗಳು ಎರಡನ್ನು ಸಾಲಾಗಿ ಜೋಡಿಸಿದರೆ 24 ವೋಲ್ಟ್. ಹಣೆಪಟ್ಟಿಯ ಲೆಕ್ಕದಲ್ಲಿ 432 ವಾಟ್-ಗಂಟೆ. ತೂಕ 11-12 ಕಿಲೋ. ಆದರೆ ಆ 18 ಎಂಬ ಅಂಕಿ 20 ಗಂಟೆಗಳ ಕಾಲ ನಿಧಾನವಾಗಿ ಖರ್ಚು ಮಾಡಿದಾಗಿನದು. 14 ಆಂಪಿಯರ್ ಎಳೆದರೆ ಅದರ ಮೂರರಲ್ಲಿ ಎರಡು ಪಾಲು ಸಿಕ್ಕಿದರೆ ಪುಣ್ಯ. ಪೂರ್ತಿ ಖಾಲಿ ಮಾಡುತ್ತ ಬಂದರೆ ಇನ್ನೂರು ಮುನ್ನೂರು ಸಲಕ್ಕೆ ಆಯುಷ್ಯ ಮುಗಿಯುತ್ತದೆ. ಅರ್ಧಕ್ಕೆ ನಿಲ್ಲಿಸಿದರೆ ಹೆಚ್ಚು ಬಾಳುತ್ತದೆ. ಹಾಗೆ ನಿಲ್ಲಿಸಿದರೆ ಮೇಲಿನ ದಾರಿಗೆ ಎರಡು ಏರು, ಹೆಚ್ಚೆಂದರೆ ಮೂರು. ಆದರೂ ಇದು ಅಗ್ಗ, ಎಲ್ಲ ಊರಿನಲ್ಲೂ ಸಿಗುತ್ತದೆ, ಹಳೆಯದಕ್ಕೂ ಬೆಲೆಯಿದೆ.

ಎರಡನೆಯದು ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಕೂಡಿದ ಲಿಥಿಯಂ ಬ್ಯಾಟರಿ. ಲಿಥಿಯಂ-ಅಯಾನ್ ಬ್ಯಾಟರಿಯನ್ನು ಸೋನಿ ಕಂಪನಿಯು 1991ರಲ್ಲಿ ಮಾರುಕಟ್ಟೆಗೆ ತಂದಿತು; ಅದರ ಹಿಂದಿನ ಸಂಶೋಧನೆಗೆ 2019ರಲ್ಲಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೋ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಹಗುರದಲ್ಲಿ ಇದನ್ನು ಮೀರಿಸುವುದಿಲ್ಲ. ಆದರೆ ಮಿತಿಮೀರಿ ಕಾದರೆ ತನ್ನೊಳಗಿನಿಂದಲೇ ಆಮ್ಲಜನಕ ಬಿಟ್ಟು ಉರಿಯುವ ಸ್ವಭಾವ ಇದರದು. ಹೊರಗಿನ ಗಾಳಿಯನ್ನು ತಡೆದರೂ ಆ ಬೆಂಕಿ ನಿಲ್ಲುವುದಿಲ್ಲ.

ಮೂರನೆಯದು ಲಿಥಿಯಂ ಐರನ್ ಫಾಸ್ಫೇಟ್, ವ್ಯಾಪಾರದ ಭಾಷೆಯಲ್ಲಿ ಎಲ್.ಎಫ್.ಪಿ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾನಿಲಯದಲ್ಲಿ ಪಾಧಿ, ನಂಜುಂಡಸ್ವಾಮಿ ಮತ್ತು ಗುಡ್‌ಇನಫ್ 1997ರಲ್ಲಿ ಪ್ರಕಟಿಸಿದ ಲೇಖನದಿಂದ ಇದು ಬೆಳಕಿಗೆ ಬಂದಿತು. ಇದರಲ್ಲಿ ಆಮ್ಲಜನಕವು ರಂಜಕಕ್ಕೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಸುಲಭಕ್ಕೆ ಬಿಡುಗಡೆಯಾಗುವುದಿಲ್ಲ. ಹಾಳಾಗುವುದೇ ಇಲ್ಲವೆಂದಲ್ಲ, ಹಾಳಾದರೂ ಉರಿಯುವ ಸಂಭವ ಬಹಳ ಕಡಿಮೆ. ಒಂದು ಸೆಲ್ಲಿಗೆ 3.2 ವೋಲ್ಟ್, ಎಂಟು ಸೆಲ್ಲಿಗೆ 25.6 ವೋಲ್ಟ್. 6 ಆಂಪಿಯರ್-ಗಂಟೆಯ ಉರುಟು ಸೆಲ್ಲುಗಳನ್ನು ಮೂರು ಮೂರರಂತೆ ಎಂಟು ಸಾಲು, ಒಟ್ಟು 24 ಸೆಲ್ಲು ಜೋಡಿಸಿದರೆ 18 ಆಂಪಿಯರ್-ಗಂಟೆ, 460 ವಾಟ್-ಗಂಟೆ. ಪೆಟ್ಟಿಗೆ ಸಹಿತ ತೂಕ ನಾಲ್ಕೂವರೆ ಕಿಲೋ. ನೂರರಲ್ಲಿ ಎಂಬತ್ತರಷ್ಟು ಬಳಸಿದರೂ ನಾಲ್ಕು ಏರಿಗೆ ಧಾರಾಳ ಸಾಕು. ಒಳ್ಳೆಯ ಸೆಲ್ಲಾದರೆ ಎರಡು ಸಾವಿರ ಸಲ ಚಾರ್ಜು ಮಾಡಬಹುದು. ಮೊದಲು ಕೊಡುವ ಹಣ ಸೀಸದ್ದಕ್ಕಿಂತ ಹೆಚ್ಚು; ಆದರೆ ಸೀಸದ್ದು ಹಲವು ಸಲ ಬದಲಾಗುವಷ್ಟರಲ್ಲಿ ಇದು ಇನ್ನೂ ಕೆಲಸ ಮಾಡುತ್ತಿರುತ್ತದೆ. ನಮ್ಮ ಆಯ್ಕೆ ಇದೇ.

ಅಗ್ಗದ ಸೆಲ್ಲು, ದುಬಾರಿ ಬೆಂಕಿ

ಹಿರಿಯ ಸದಸ್ಯರೊಬ್ಬರು, "ಸೆಕ್ರೆಟರಿಯವರೇ, ವಾಟು ಗೀಟು ಇರಲಿ ಮಾರಾಯ್ರೆ, ಅಡಿಕೆ ಅಟ್ಟಕ್ಕೆ ಬೆಂಕಿ ಹಾಕದ ಬ್ಯಾಟರಿ ಯಾವುದು ಅದನ್ನು ಹೇಳಿ" ಎಂದು ಕೇಳಿದರು. ಅವರ ಮಾತಿಗೆ ಕಾರಣವಿತ್ತು. ಕಳೆದ ಮಳೆಗಾಲದಲ್ಲಿ ಅವರ ನೆರೆಮನೆಯಲ್ಲಿ, ಹಳೆಯ ಲ್ಯಾಪ್‌ಟಾಪುಗಳಿಂದ ಕಳಚಿದ ಸೆಲ್ಲುಗಳನ್ನು ಜೋಡಿಸಿ ಮಾಡಿದ ಬ್ಯಾಟರಿಯನ್ನು ರಾತ್ರಿ ಚಾರ್ಜಿಗೆ ಇಟ್ಟಿದ್ದರು. ಇಟ್ಟದ್ದು ಚಾಲಿ ಮೂಟೆಗಳ ಪಕ್ಕದಲ್ಲಿ, ಮರದ ಹಲಗೆಯ ಮೇಲೆ. ನಡುರಾತ್ರಿ ಸಿಳ್ಳೆಯಂಥ ಸದ್ದು, ಹಿಂದೆಯೇ ದಟ್ಟ ಹೊಗೆ. ಮನೆಯ ಹೆಂಗಸರು ಎಚ್ಚರಗೊಂಡು ಮೇನ್ ಸ್ವಿಚ್ ಆರಿಸಿ, ಹುಡುಗ ಅದನ್ನು ಗುದ್ದಲಿಯಿಂದ ಅಂಗಳಕ್ಕೆ ಎಳೆದು ಹಾಕಿದ ಕಾರಣ ಒಂದು ವರ್ಷದ ಬೆಳೆಯೂ ಮನೆಯೂ ಉಳಿದವು. ಹೆಂಚಿನ ಮಾಡು, ಮರದ ಅಟ್ಟ, ಪಕ್ಕದಲ್ಲಿ ಕರಡದ ಗೊಣಬೆ. ನಮ್ಮ ಮನೆಗಳು ಎಂಥವೆಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಹಳೆಯ ಸೆಲ್ಲುಗಳು ಒಂದೊಂದೂ ಒಂದೊಂದು ವಯಸ್ಸಿನವು. ಸಾಲಿನಲ್ಲಿ ಜೋಡಿಸಿದಾಗ ದುರ್ಬಲವಾದದ್ದು ಉಳಿದವುಗಳಿಗಿಂತ ಮೊದಲೇ ತುಂಬುತ್ತದೆ, ಮೊದಲೇ ಬರಿದಾಗುತ್ತದೆ. ಚಾರ್ಜರಿಗೆ ಕಾಣುವುದು ಒಟ್ಟು ವೋಲ್ಟೇಜು ಮಾತ್ರ. ಒಂದು ಸೆಲ್ಲು ಮಿತಿ ಮೀರಿದ್ದು ಅದಕ್ಕೆ ತಿಳಿಯುವುದಿಲ್ಲ. ಪ್ರತಿ ಸೆಲ್ಲನ್ನೂ ನೋಡಿಕೊಂಡು ಬೇಕಾದಾಗ ಪ್ರವಾಹ ಕಡಿಯುವ ಬಿ.ಎಂ.ಎಸ್. ಎಂಬ ರಕ್ಷಣಾ ಫಲಕ ಇಲ್ಲದ ಲಿಥಿಯಂ ಬ್ಯಾಟರಿಯನ್ನು ಮನೆಯೊಳಗೆ ತರಲೇಕೂಡದು. 2022ರಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದ ನಂತರ ಸರ್ಕಾರವು ಬ್ಯಾಟರಿಯ ಸುರಕ್ಷತಾ ನಿಯಮಗಳನ್ನು ಬಿಗಿ ಮಾಡಿದ್ದನ್ನು ಇಲ್ಲಿ ನೆನಪಿಸಿಕೊಳ್ಳಬಹುದು. ಕಾರ್ಖಾನೆಯವರಿಗೇ ಅಷ್ಟು ಎಚ್ಚರ ಬೇಕಾದರೆ ಮನೆಯಲ್ಲಿ ಕಟ್ಟುವವರಿಗೆ ಎಷ್ಟು ಬೇಕು?

ಪಾಲಿಸತಕ್ಕ ಕ್ರಮಗಳು

1. ಚಾರ್ಜರು ಬ್ಯಾಟರಿಯ ಜಾತಿಗೇ ಮಾಡಿದ್ದಿರಬೇಕು. ಎಂಟು ಸೆಲ್ಲಿನ ಎಲ್.ಎಫ್.ಪಿ.ಗೆ 29.2 ವೋಲ್ಟ್, ಏಳು ಸೆಲ್ಲಿನ ಇನ್ನೊಂದು ಲಿಥಿಯಂ ಜಾತಿಗೆ 29.4 ವೋಲ್ಟ್. ಅಂಕಿ ಹತ್ತಿರವಿದೆಯೆಂದು ಅದಲು ಬದಲು ಮಾಡಬಾರದು. ಇನ್ವರ್ಟರಿನ ಅಥವಾ ಕಾರಿನ ಚಾರ್ಜರು ಲಿಥಿಯಂಗೆ ಸಲ್ಲದು.

2. ಬ್ಯಾಟರಿಯ ಧನ ತುದಿಯ ಬುಡದಲ್ಲೇ 30 ಆಂಪಿಯರ್ ಫ್ಯೂಸು ಇರಲಿ. ತಂತಿ 4 ಚದರ ಮಿಲಿಮೀಟರಿಗಿಂತ ಸಣ್ಣದಾಗದಿರಲಿ.

3. ಚಾರ್ಜು ಮಾಡುವುದು ಹಗಲಿನಲ್ಲಿ, ಎದ್ದಿರುವಾಗ, ಸಿಮೆಂಟಿನ ಅಥವಾ ಕಲ್ಲಿನ ಕಟ್ಟೆಯ ಮೇಲೆ, ಮಳೆ ಬೀಳದ ಕಡೆ. ಅಡಿಕೆ ಅಟ್ಟ, ಕಾಫಿ ಗೋದಾಮು, ಕೊಟ್ಟಿಗೆ, ಹೊರಬಾಗಿಲಿನ ದಾರಿ, ಇವುಗಳಲ್ಲಿ ಎಂದಿಗೂ ಬೇಡ. ಸೀಸದ್ದಾದರೂ ಗಾಳಿಯಾಡುವ ಜಾಗವೇ ಬೇಕು. ಚಾರ್ಜಿನ ವೇಳೆ ಅದರಿಂದ ಜಲಜನಕ ಹೊರಬರಬಹುದು.

4. ಏರು ಹತ್ತಿ ಬಂದೊಡನೆ ಬಿಸಿ ಬ್ಯಾಟರಿಯನ್ನು ಚಾರ್ಜಿಗೆ ಹಾಕದೆ ತಣಿಯಲು ಬಿಡಬೇಕು. ಉಬ್ಬಿದ, ಬಿದ್ದು ಜಜ್ಜಿದ, ನೀರು ಹೊಕ್ಕ ಬ್ಯಾಟರಿಯನ್ನು ಮತ್ತೆ ಬಳಸಕೂಡದು.

5. ಮಳೆಗಾಲದಲ್ಲಿ ಸೈಕಲ್ಲು ಮೂಲೆಗೆ ಸೇರುವುದಾದರೆ ಸೀಸದ ಬ್ಯಾಟರಿಯನ್ನು ಪೂರ್ತಿ ತುಂಬಿ, ಆಗಾಗ ಮತ್ತೆ ತುಂಬುತ್ತಿರಬೇಕು. ಬರಿದಾಗಿ ಬಿಟ್ಟರೆ ಫಲಕಗಳು ಗಟ್ಟಿಯಾಗಿ ಕೆಡುತ್ತವೆ. ಲಿಥಿಯಂ ಇದಕ್ಕೆ ವಿರುದ್ಧ. ಅರ್ಧ ತುಂಬಿಸಿ ತಂಪಾದ ಕಡೆ ಇಡಬೇಕು.

6. ಎಲ್.ಎಫ್.ಪಿ.ಯ ವೋಲ್ಟೇಜು ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಸಮ ಇದ್ದು ಒಮ್ಮೆಲೇ ಇಳಿಯುತ್ತದೆ. ವೋಲ್ಟ್‌ಮೀಟರ್ ನೋಡಿ ಎಷ್ಟು ಉಳಿದಿದೆಯೆಂದು ಅಂದಾಜು ಮಾಡಲಾಗದು. ಎಷ್ಟು ಏರು ಹತ್ತಿದೆವೆಂದು ಲೆಕ್ಕ ಇಡುವುದೇ ಮೇಲು.

7. ಸತ್ತ ಬ್ಯಾಟರಿ ತೋಟದ ಗುಂಡಿಗೆ ಅಲ್ಲ. ಸೀಸ ಒಮ್ಮೆ ಮಣ್ಣು ಸೇರಿದರೆ ಹೋಗುವುದಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳಂತೆ ಹಳೆಯ ಬ್ಯಾಟರಿಯನ್ನು ಮರಳಿ ಸಂಗ್ರಹಿಸುವ ಹೊಣೆ ತಯಾರಕರದು. ಮಾರಿದವರಿಗೇ ಒಪ್ಪಿಸಿ.

ರಸ್ತೆಗೆ ಇಳಿಯುವ ಮುನ್ನ

ಕೇಂದ್ರ ಮೋಟಾರು ವಾಹನ ನಿಯಮಗಳಂತೆ, ಮೋಟಾರಿನ ಶಕ್ತಿ 250 ವಾಟಿಗಿಂತ ಕಡಿಮೆಯಿದ್ದು, ಗಂಟೆಗೆ 25 ಕಿಲೋಮೀಟರ್ ಮೀರದ ಬ್ಯಾಟರಿ ವಾಹನವನ್ನು ಮೋಟಾರು ವಾಹನವೆಂದು ಎಣಿಸುವುದಿಲ್ಲ. ಆದರೆ ಅಧಿಕೃತ ಪರೀಕ್ಷಾ ಸಂಸ್ಥೆಯೊಂದು ಅದನ್ನು ಪರೀಕ್ಷಿಸಿ ಒಪ್ಪಿರಬೇಕೆಂಬ ಷರತ್ತೂ ಅದೇ ನಿಯಮದಲ್ಲಿದೆ. ಮನೆಯಲ್ಲಿ ಕಟ್ಟಿದ ಸೈಕಲ್ಲಿಗೆ ಅಂಥ ಒಪ್ಪಿಗೆ ಇರುವುದಿಲ್ಲ. ಆದುದರಿಂದ ಅದನ್ನು ತೋಟದ, ಎಸ್ಟೇಟಿನ ಸ್ವಂತ ದಾರಿಗೆ ಮೀಸಲಿಡಬೇಕು. ಸಾರ್ವಜನಿಕ ರಸ್ತೆಯಲ್ಲಿ ಪೇಟೆಯವರೆಗೆ ಹೋಗುವ ಉದ್ದೇಶವಿದ್ದವರು ಒಪ್ಪಿಗೆ ಪಡೆದ ತಯಾರಿ ಸೈಕಲ್ಲನ್ನೇ ಕೊಳ್ಳುವುದು ಕ್ಷೇಮ.

ಈ ಎಲ್ಲವನ್ನೂ ಪರಿಶೀಲಿಸಿದ ಆಡಳಿತ ಮಂಡಳಿಯು, ರಕ್ಷಣಾ ಫಲಕವಿರುವ ಎಲ್.ಎಫ್.ಪಿ. ಬ್ಯಾಟರಿಯನ್ನೂ ಅದಕ್ಕೆ ಸರಿಯಾದ ಚಾರ್ಜರನ್ನೂ ಜೊತೆಯಾಗಿ ಮಾತ್ರ ತರಿಸಿ ಕೊಡುವುದೆಂದೂ, ಬಿಡಿ ಸೆಲ್ಲುಗಳ ವ್ಯವಹಾರಕ್ಕೆ ಕೈಹಾಕುವುದಿಲ್ಲವೆಂದೂ ತೀರ್ಮಾನಿಸಿದೆ. ಬೇಕಾದವರು ತಮ್ಮ ದಾರಿಯ ಉದ್ದ, ಏರಿನ ಎತ್ತರ, ದಿನಕ್ಕೆ ಎಷ್ಟು ಸಲ ಎಂಬ ವಿವರಗಳೊಡನೆ ಕಛೇರಿಯಲ್ಲಿ ಹೆಸರು ಬರೆಸಬಹುದು. ನಾವು ಜೋಡಿಸಿದ ಸೈಕಲ್ಲು ಗೋದಾಮಿನ ಹಿಂದಿನ ಶೆಡ್ಡಿನಲ್ಲಿದೆ. ಸಂತೆಯ ದಿನ ಬಂದವರು ಅದನ್ನು ಹತ್ತಿ ಗೋದಾಮಿನ ಎದುರಿನ ಏರಿನಲ್ಲಿ ಒಂದು ಸುತ್ತು ಬಿಟ್ಟು ನೋಡಬಹುದು. ಈಗಾಗಲೇ ಮನೆಯಲ್ಲಿ ಬ್ಯಾಟರಿ ಕಟ್ಟಿಕೊಂಡಿರುವ ಸದಸ್ಯರು ಅದನ್ನು ಈ ಸಂಜೆಯೇ ಅಟ್ಟದಿಂದ ಕೆಳಗಿಳಿಸಿ ಕಲ್ಲಿನ ಕಟ್ಟೆಯ ಮೇಲೆ ಇಡಬೇಕೆಂದು ವಿನಂತಿ.